ಹೃದಯಮಾಂಸದ ರಕ್ತವು ಮರಳುವ ದಾರಿ

ರಕ್ತವು ದೇಹದಲ್ಲಿ ಸುತ್ತುತ್ತಿರುವುದೆಂಬ ತತ್ತ್ವವನ್ನು ಆಂಗ್ಲವೈದ್ಯನಾದ ವಿಲಿಯಂ ಹಾರ್ವೆಯು ೧೬೨೮ನೆಯ ಇಸವಿಯಲ್ಲಿ ಪ್ರಕಟಪಡಿಸಿದನೆಂಬುದು ಶಾಲೆಯ ಮಕ್ಕಳಿಗೂ ವಿದಿತವಾದ ವಿಷಯ. ಆದರೆ ಆ ತತ್ತ್ವದ ಒಡಲಿನಲ್ಲಿಯೇ ಅಡಗಿದ್ದ ಒಂದು ಚಿಕ್ಕ ಪ್ರಶ್ನೆಗೆ ತೃಪ್ತಿಕರವಾದ ಉತ್ತರವು ದೊರೆಯುವುದಕ್ಕೆ ಮತ್ತೆ ಮುನ್ನೂರು ವರ್ಷಗಳು ಹಿಡಿದುವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹೃದಯವು ಸಮಸ್ತ ಅಂಗಗಳಿಗೂ ರಕ್ತವನ್ನು ಹಂಚತಕ್ಕುದು. ಆದರೆ ತಾನೂ ಒಂದು ಮಾಂಸಖಂಡವೇ. ತುಂಬಿದ ಕೊಡವನ್ನು ಹೊತ್ತು ನಡೆಯುವವಳ ಬಾಯಾರಿಕೆಯು ಆ ಕೊಡದಿಂದ ತಾನಾಗಿಯೇ ಹಿಂಗದಿರುವಂತೆ, ತನ್ನ ಕೋಣೆಗಳಲ್ಲಿ ಎಡೆಬಿಡದೆ ರಕ್ತವು ತುಂಬಿ ಹರಿಯುತ್ತಿದ್ದರೂ ಹೃದಯದ ದಪ್ಪವಾದ ಗೋಡೆಗೆ ಅದರಿಂದ ಪೋಷಣೆಯು ಸಾಲದು. ಅದಕ್ಕೆ ಬೇರೆಯಾಗಿಯೇ ನಾಳಗಳುಂಟು. ಆ ನಾಳಗಳ ಮೂಲಕ ಹೃದಯಮಾಂಸಕ್ಕೆ ಹೋದ ರಕ್ತವು, ಹಾರ್ವೆಯ ತತ್ತ್ವವು ನಿಜವಾದರೆ, ಹೇಗಾದರೂ ಮರಳಿ ಬರಲೇ ಬೇಕು. ಎಲ್ಲಿಂದ ಬರುತ್ತದೆ? ಒಂದೇ ದಾರಿಯಿಂದಲೋ, ಹಲವು ದಾರಿಗಳಿಂದಲೋ? ಈ ಪ್ರಶ್ನೆಯ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೂ, ಅದರಲ್ಲಿ ಒಬ್ಬ ಫ್ರೆಂಚ್ ವೈದ್ಯನಿಗೂ ಒಬ್ಬ ತರುಣ ಜರ್ಮನ್ ವಿದ್ಯಾರ್ಥಿಗೂ ಸಲ್ಲಬೇಕಾದ ಪಾಲನ್ನು ವಿಂಗಡಿಸುವುದೂ ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯ ವಿಷಯದಲ್ಲಿ ಎರಡು ಮಾತು. ಹೃದಯದಿಂದ ರಕ್ತವನ್ನು ಒಯ್ಯುವ ನಾಳವನ್ನು ಅಪಧಮನಿಯೆಂದೂ ಹೃದಯಕ್ಕೆ ರಕ್ತವನ್ನು ತರುವ ನಾಳವನ್ನು ಅಭಿಧಮನಿಯೆಂದೂ ನಮ್ಮ ಪಠ್ಯಪುಸ್ತಕಗಳು ಕರೆಯುತ್ತವೆ. ಅರ್ಥದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಪದಗಳು ಉಚ್ಚಾರದಲ್ಲಿ ಒಂದೇ ಅಕ್ಷರದಷ್ಟು ಮಾತ್ರ ಭಿನ್ನವಾಗಿರುವುದು ಓದುವವನ ಕಣ್ಣಿಗೂ ಕೇಳುವವನ ಕಿವಿಗೂ ತೊಡಕು. ಆದುದರಿಂದ ಇಲ್ಲಿ ಧಮನಿ, ಸಿರೆ ಎಂಬ ಹಳೆಯ ಪದಗಳನ್ನೇ ಬಳಸಿರುತ್ತೇನೆ. ಇವು ಆಯುರ್ವೇದದ ಪದಗಳು. ಆದರೆ ಆಯುರ್ವೇದದಲ್ಲಿ ಇವಕ್ಕೆ ಇದೇ ಅರ್ಥವೆಂದು ಓದುಗರು ಭಾವಿಸಲಾಗದು. ಸುಶ್ರುತಸಂಹಿತೆಯ ಶಾರೀರಸ್ಥಾನವು ೭೦೦ ಸಿರೆಗಳನ್ನೂ ೨೪ ಧಮನಿಗಳನ್ನೂ ಎಣಿಸಿ, ಎರಡಕ್ಕೂ ನಾಭಿಯೇ ಮೂಲವೆಂದು ಹೇಳುತ್ತದೆ. ಸಿರೆಗಳು ರಕ್ತವನ್ನಷ್ಟೇ ಅಲ್ಲದೆ ವಾತ ಪಿತ್ತ ಕಫಗಳನ್ನೂ ವಹಿಸತಕ್ಕವು. ಚರಕನು ಹೃದಯವನ್ನು ಹತ್ತು ಮಹಾಧಮನಿಗಳಿಗೆ ಮೂಲವೆಂದು ಹೇಳಿರುವುದು ನಿಜ. ಅಷ್ಟರಿಂದಲೇ ರಕ್ತಪರಿಚಲನೆಯ ತತ್ತ್ವವು ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ವಾದಿಸುವವರುಂಟು. ಪದಗಳ ಹೋಲಿಕೆಯಿಂದ ತತ್ತ್ವಗಳ ಐಕ್ಯವನ್ನು ಸಾಧಿಸುವ ಈ ಮಾರ್ಗವು ನನಗೆ ಒಪ್ಪಿಗೆಯಲ್ಲ. ಅದು ಚರಕನಿಗೂ ನ್ಯಾಯವಲ್ಲ, ಹಾರ್ವೆಗೂ ನ್ಯಾಯವಲ್ಲ.

ಹೃದಯದಲ್ಲಿ ಮೇಲಣ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದೂ ಕೆಳಗಣ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಮಹಾಧಮನಿಯು ಎಡಹೃತ್ಕುಕ್ಷಿಯಿಂದ ಹೊರಡುವ ಬುಡದಲ್ಲಿಯೇ ಎರಡು ಧಮನಿಗಳು ಕವಲೊಡೆದು ಹೃದಯದ ಮೈಯನ್ನು ಕಿರೀಟದಂತೆ ಬಳಸುತ್ತವೆ. ಕಿರೀಟವೆಂಬರ್ಥದ ಲ್ಯಾಟಿನ್ ಶಬ್ದದಿಂದಲೇ ಅವಕ್ಕೆ ಕೊರೊನರಿ ಧಮನಿಗಳೆಂಬ ಹೆಸರು ಬಂದಿದೆ. ಕಿರೀಟಧಮನಿಗಳೆಂದರೆ ನಮಗೆ ಸುಲಭವಾಗಿ ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ಮನುಷ್ಯನಲ್ಲಿ ನಿಮಿಷಕ್ಕೆ ಸುಮಾರು ೨೫೦ ಮಿಲಿಲೀಟರಿನಷ್ಟು ರಕ್ತವು, ಎಂದರೆ ಹೃದಯವು ಹೊರದೂಡುವ ರಕ್ತದಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು, ಈ ಧಮನಿಗಳ ಮೂಲಕ ಹೃದಯಮಾಂಸಕ್ಕೇ ವಿನಿಯೋಗವಾಗುತ್ತದೆ.

ಹೀಗೆ ಹೋದ ರಕ್ತವು ಮರಳುವುದಕ್ಕೆ ಮೂರು ಬಗೆಯ ದಾರಿಗಳುಂಟೆಂದು ಈಗ ತಿಳಿದಿದೆ. ಮೊದಲನೆಯದು ರಾಜಮಾರ್ಗ. ಹೃದಯದ ತುದಿಯ ಬಳಿ ಹುಟ್ಟಿದ ಒಂದು ದೊಡ್ಡ ಸಿರೆಯು ಮುಂಬದಿಯ ಕಣಿವೆಯಲ್ಲಿ ಮೇಲೇರಿ, ಎಡಕ್ಕೆ ತಿರುಗಿ, ಹೃತ್ಕರ್ಣ ಹೃತ್ಕುಕ್ಷಿಗಳ ನಡುವಣ ಕಣಿವೆಯನ್ನು ಹಿಡಿದು ಹಿಂಬದಿಗೆ ಬರುತ್ತದೆ. ಅಲ್ಲಿ ಅದು ಅಗಲವಾಗಿ, ಕೆಲವೇ ಸೆಂಟಿಮೀಟರ್ ಉದ್ದದ ಒಂದು ನಾಳವಾಗುತ್ತದೆ. ಇದನ್ನು ವೈದ್ಯರು ಕೊರೊನರಿ ಸೈನಸ್ ಎನ್ನುತ್ತಾರೆ. ಹಿಂಬದಿಯ ಇತರ ಸಿರೆಗಳೂ ಇದರೊಳಗೆ ಬಂದು ಕೂಡುವುದರಿಂದ ಸಂಗಮನಾಳವೆಂದು ಕರೆದರೆ ತಪ್ಪಾಗಲಾರದು. ಸಂಗಮನಾಳವು ಬಲಹೃತ್ಕರ್ಣದಲ್ಲಿ ತೆರೆಯುತ್ತದೆ. ಎರಡನೆಯದು, ಬಲಹೃತ್ಕುಕ್ಷಿಯ ಮುಂಗೋಡೆಯಿಂದ ಹೊರಟ ಕೆಲವು ಸಣ್ಣ ಸಿರೆಗಳು ಸಂಗಮನಾಳದ ಗೊಡವೆಗೇ ಹೋಗದೆ ನೆಟ್ಟಗೆ ಬಲಹೃತ್ಕರ್ಣವನ್ನು ಸೇರುವ ದಾರಿ. ಮೂರನೆಯದು, ಗೋಡೆಯ ಒಳಮೈಯಲ್ಲಿಯೇ ಸೂಜಿಮೊನೆಯಂಥ ರಂಧ್ರಗಳ ಮೂಲಕ ರಕ್ತವು ಕೋಣೆಗಳೊಳಕ್ಕೇ ಬಸಿಯುವ ದಾರಿ. ಮೊದಲಿನ ಎರಡು ಕಣ್ಣಿಗೆ ಕಾಣತಕ್ಕವು. ಮೂರನೆಯದೇ ವಿವಾದದ ಮೂಲ.

ಇನ್ನು ಚರಿತ್ರೆಗೆ ಬರೋಣ. ಕ್ರಿಸ್ತಶಕ ೧೨೯ರಲ್ಲಿ ಪೆರ್ಗಮಮ್ ಪಟ್ಟಣದಲ್ಲಿ ಹುಟ್ಟಿದ ಗ್ರೀಕ್ ವೈದ್ಯ ಗ್ಯಾಲೆನನು ಹೃದಯವನ್ನು ಸುತ್ತುವರಿಯುವ ಸಿರೆಯನ್ನು ಚೆನ್ನಾಗಿ ಬಲ್ಲನು. ಆದರೆ ಅವನ ಮತದಲ್ಲಿ ರಕ್ತವು ಯಕೃತ್ತಿನಲ್ಲಿ ಹುಟ್ಟಿ ಸಿರೆಗಳ ಮೂಲಕ ಅಂಗಾಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗುತ್ತಿತ್ತು. ಆದುದರಿಂದ ಈ ಸಿರೆಯೂ ಅವನಿಗೆ ಹೃದಯಕ್ಕೆ ಅನ್ನವನ್ನು ಒಯ್ಯುವ ಕಾಲುವೆಯಾಗಿ ಕಂಡಿತೇ ಹೊರತು, ಹೃದಯದಿಂದ ರಕ್ತವನ್ನು ಬಸಿಯುವ ಕಾಲುವೆಯಾಗಿ ಕಾಣಲಿಲ್ಲ. ನಾಳವು ಅದೇ, ಅದರ ಸ್ಥಾನವೂ ಅದೇ. ಹರಿವಿನ ದಿಕ್ಕು ಮಾತ್ರ ತಲೆಕೆಳಗು. ಕಣ್ಣಿಗೆ ಕಂಡುದನ್ನು ಸರಿಯಾಗಿ ವರ್ಣಿಸಿಯೂ ಅದರ ಅರ್ಥದಲ್ಲಿ ಎಡವಬಹುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಸಿಕ್ಕುವುದು ಕಷ್ಟ. ಹಳೆಯ ಗ್ರಂಥಗಳಿಗೆ ವ್ಯಾಖ್ಯಾನವನ್ನು ಬರೆಯುವವರಿಗೆ ಇದು ಅಪರಿಚಿತವಾದ ಅನುಭವವಲ್ಲ.

ಗ್ಯಾಲೆನನಿಂದ ಬಂದ ಇನ್ನೊಂದು ಕಲ್ಪನೆಯೂ ನಮ್ಮ ಕಥೆಗೆ ಅವಶ್ಯವಾದುದು. ಬಲಹೃತ್ಕುಕ್ಷಿಯ ರಕ್ತದಲ್ಲಿ ಕೊಂಚ ಭಾಗವು ನಡುಗೋಡೆಯ ಅದೃಶ್ಯವಾದ ರಂಧ್ರಗಳ ಮೂಲಕ ಎಡಹೃತ್ಕುಕ್ಷಿಗೆ ಜಿನುಗುವುದೆಂದು ಅವನು ಹೇಳಿದ್ದನು. ೧೫೪೩ರಲ್ಲಿ ಮಾನವಶರೀರದ ರಚನೆಯನ್ನು ಕುರಿತ ತನ್ನ ಮಹಾಗ್ರಂಥವನ್ನು ಬಾಸೆಲ್ ಪಟ್ಟಣದಲ್ಲಿ ಅಚ್ಚು ಹಾಕಿಸಿದ ವೆಸೇಲಿಯಸನು ನಡುಗೋಡೆಯಲ್ಲಿ ಕುಳಿಗಳಿರುವುದನ್ನು ಕಂಡನು; ಆದರೆ ಯಾವ ಕುಳಿಯೂ ಇಂದ್ರಿಯಗಳಿಗೆ ಗೋಚರವಾಗುವ ಮಟ್ಟಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂರಿ ಹೋಗುವುದಿಲ್ಲವೆಂದು ಬರೆದು, ರಕ್ತವನ್ನು ಹೀಗೆ ಸ್ರವಿಸಿದ ಸೃಷ್ಟಿಕರ್ತನ ಕೌಶಲಕ್ಕೆ ಬೆರಗಾದಂತೆ ನಟಿಸಿದನು. ೧೫೫೫ರ ಎರಡನೆಯ ಮುದ್ರಣದಲ್ಲಿ ಅವನ ಸಂಶಯವು ಇನ್ನೂ ಬಲವಾಯಿತು. ಈ ಕುಳಿಗಳನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ಅವು ಬೇರೊಂದು ವೇಷದಲ್ಲಿ ಮರಳಿ ಬರುತ್ತವೆ.

ಅದೇ ಶತಮಾನದಲ್ಲಿ ರೋಮಿನ ಶರೀರಶಾಸ್ತ್ರಜ್ಞನಾದ ಬಾರ್ತೊಲೊಮಿಯೊ ಯೂಸ್ಟೇಷಿಯಸನು ಬಲಹೃತ್ಕರ್ಣದೊಳಗಿನ ಪೊರೆಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದನು. ಕೆಳಗಣ ಮಹಾಸಿರೆಯ ಬಾಯಲ್ಲಿರುವ ಕವಾಟವು ಇಂದಿಗೂ ಅವನ ಹೆಸರಿನಲ್ಲಿದೆ. ಸಂಗಮನಾಳದ ಬಾಯಲ್ಲಿರುವ ಅರ್ಧಚಂದ್ರಾಕಾರದ ಕವಾಟವನ್ನೂ ಮೊದಲು ಕಂಡವನು ಅವನೇ ಎಂದು ವೈದ್ಯಶಾಸ್ತ್ರದ ಚರಿತ್ರಕಾರರು ಹೇಳುತ್ತಾರೆ. ಆದರೆ ಅವನ ಅದೃಷ್ಟವು ವಿಚಿತ್ರವಾದುದು. ೧೫೫೨ರಲ್ಲಿಯೇ ಸಿದ್ಧವಾಗಿದ್ದ ಅವನ ತಾಮ್ರಫಲಕಗಳಲ್ಲಿ ಬಹುಭಾಗವು ಕಣ್ಮರೆಯಾಗಿದ್ದು, ೧೭೧೪ರಲ್ಲಿ ಪೋಪನ ವೈದ್ಯನಾದ ಲಾನ್ಸಿಸಿಯು ಅವನ್ನು ಪ್ರಕಟಿಸಿದನು. ನೂರ ಅರುವತ್ತು ವರ್ಷಗಳ ಕಾಲ ಒಬ್ಬನ ಶ್ರಮವು ಕತ್ತಲೆಯಲ್ಲಿದ್ದರೆ ಅವನ ಹೆಸರಿಗೆ ಸಲ್ಲಬೇಕಾದುದು ಇನ್ನೊಬ್ಬನ ಹೆಸರಿಗೆ ಸಂದುಹೋಗುವುದು ಆಶ್ಚರ್ಯವಲ್ಲ. ಆ ಕವಾಟವು ಇಂದು ಥೆಬೇಸಿಯಸನ ಕವಾಟವೆಂದೇ ಪ್ರಸಿದ್ಧವಾಗಿದೆ.

ಕವಾಟಗಳ ವಿಷಯವು ಹಾರ್ವೆಯ ಬಳಿಗೆ ನಮ್ಮನ್ನು ಕರೆದೊಯ್ಯುತ್ತದೆ. ಪಾಡುವ ವಿಶ್ವವಿದ್ಯಾಲಯದಲ್ಲಿ ಅವನ ಗುರುವಾಗಿದ್ದ ಫ್ಯಾಬ್ರೀಷಿಯಸನು ಸಿರೆಗಳ ಕವಾಟಗಳನ್ನು ಕುರಿತು ೧೬೦೩ರಲ್ಲಿ ಗ್ರಂಥವನ್ನು ಬರೆದನು. ಆದರೆ ಅವು ರಕ್ತದ ವೇಗವನ್ನು ತಡೆಯುವ ಒಡ್ಡುಗಳೆಂದು ಮಾತ್ರ ತಿಳಿದನು. ಅವು ಹೃದಯದ ಕಡೆಗೆ ಮಾತ್ರ ತೆರೆಯುವ ಬಾಗಿಲುಗಳೆಂದೂ, ಆದುದರಿಂದ ಸಿರೆಗಳಲ್ಲಿ ರಕ್ತವು ಹೃದಯಾಭಿಮುಖವಾಗಿಯೇ ಹರಿಯತಕ್ಕುದೆಂದೂ ತೋರಿಸಿದವನು ಶಿಷ್ಯ. ೧೬೨೮ರ ಗ್ರಂಥದ ಪೀಠಿಕೆಯಲ್ಲಿ ಹಾರ್ವೆಯು ನಡುಗೋಡೆಯ ರಂಧ್ರಗಳ ಕಲ್ಪನೆಯನ್ನು ಖಂಡಿಸುವಾಗ ತಂದಿರುವ ಯುಕ್ತಿಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಕೋಣೆಯ ರಕ್ತವು ನಡುಗೋಡೆಯೊಳಗೆ ಇಂಗುವಂತಿದ್ದರೆ, ಅದೇ ನಡುಗೋಡೆಯನ್ನು ಪೋಷಿಸುವುದಕ್ಕಾಗಿ ಕಿರೀಟಧಮನಿಯೂ ಕಿರೀಟಸಿರೆಯೂ ಅದರೊಳಕ್ಕೆ ಕವಲುಗಳನ್ನು ಕಳುಹಿಸಬೇಕಾದ ಪ್ರಯೋಜನವೇನು? ಈ ಪ್ರಶ್ನೆಯು ಗ್ಯಾಲೆನನ ರಂಧ್ರಗಳಿಗೆ ಶಾಶ್ವತವಾಗಿ ಮಣ್ಣು ಮುಚ್ಚಿತು.

ಆದರೆ ಅವನ ಎದುರಾಳಿಗಳು ಸುಮ್ಮನಿರಲಿಲ್ಲ. ಪ್ಯಾರಿಸಿನ ರಿಯೊಲಾನನಿಗೆ ೧೬೪೯ರಲ್ಲಿ ಹಾರ್ವೆಯು ಬರೆದ ಪತ್ರರೂಪದ ಉತ್ತರದಲ್ಲಿ ದೇಹದ ದೊಡ್ಡ ಪರಿಚಲನೆ, ಶ್ವಾಸಕೋಶದ ಪರಿಚಲನೆ ಎಂಬ ಎರಡರ ಜೊತೆಗೆ ಮೂರನೆಯದೊಂದನ್ನು ಹೇಳುತ್ತಾನೆ. ಅತಿ ಹ್ರಸ್ವವಾದ ಸುತ್ತು, ಹೃದಯದ ಎಡಭಾಗದಿಂದ ಬಲಭಾಗಕ್ಕೆ ಕಿರೀಟಧಮನಿ ಕಿರೀಟಸಿರೆಗಳ ಮೂಲಕ ಹೃದಯಮಾಂಸವನ್ನೇ ಹಾದು ಬರತಕ್ಕುದು. ಗ್ಯಾಲೆನನು ಅನ್ನದ ಕಾಲುವೆಯೆಂದಿದ್ದ ಸಿರೆಯು ಇಲ್ಲಿ ಬಸಿಗಾಲುವೆಯಾಯಿತು. ಹಾರ್ವೆಯು ಹೇಳಿದ್ದು ಸರಿ. ಆದರೆ ಪೂರ್ಣವಾಗಿ ಸರಿಯೆ? ಧಮನಿಯ ಮೂಲಕ ಹೋದ ರಕ್ತವೆಲ್ಲವೂ ಸಿರೆಯ ಬಾಯಿಂದಲೇ ಹಿಂದಿರುಗುವುದೆ? ಇದನ್ನು ಅವನು ಅಳೆದು ನೋಡಿರಲಿಲ್ಲ. ಧಮನಿಯ ಕೊನೆಗೂ ಸಿರೆಯ ಮೊದಲಿಗೂ ನಡುವೆ ಇರುವ ಲೋಮನಾಳಗಳನ್ನು ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡದ್ದೇ ೧೬೬೧ರಲ್ಲಿ, ಹಾರ್ವೆಯು ತೀರಿಕೊಂಡ ನಾಲ್ಕು ವರ್ಷಗಳ ತರುವಾಯ.

ಬರಿಯ ಕತ್ತಿಯಿಂದಲೂ ಕಣ್ಣಿನಿಂದಲೂ ಸಾಧ್ಯವಾಗದಿದ್ದುದು ಪಿಚಕಾರಿಯಿಂದ ಸಾಧ್ಯವಾಯಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಮುಖ್ಯವಾಗಿ ಹಾಲೆಂಡಿನಲ್ಲಿ, ಶವದ ನಾಳಗಳೊಳಗೆ ಬಣ್ಣದ ನೀರನ್ನೋ ಪಾದರಸವನ್ನೋ ಕರಗಿಸಿದ ಮೇಣವನ್ನೋ ತುಂಬಿ ಅವುಗಳ ಕವಲುಗಳನ್ನು ಕಾಣುವ ಕಲೆಯು ಬೆಳೆಯಿತು. ಆಮ್‌ಸ್ಟರ್‌ಡ್ಯಾಮಿನ ರೌಷನು ಈ ಕಲೆಯಲ್ಲಿ ಎಷ್ಟು ನಿಪುಣನಾಗಿದ್ದನೆಂದರೆ, ಅವನು ಸಿದ್ಧಪಡಿಸಿಟ್ಟಿದ್ದ ಅಂಗಗಳ ಸಂಗ್ರಹವನ್ನು ರಷ್ಯಾದ ಸಾರ್ವಭೌಮನಾದ ಪೀಟರನು ೧೭೧೭ರಲ್ಲಿ ಕೊಂಡುಕೊಂಡನು. ಇಂಗ್ಲೆಂಡಿನಲ್ಲಿ ರಿಚರ್ಡ್ ಲೋವರನು ೧೬೬೯ರ ತನ್ನ ಹೃದಯಗ್ರಂಥದಲ್ಲಿ, ಒಂದು ಕಿರೀಟಧಮನಿಯೊಳಗೆ ಹಾಯಿಸಿದ ದ್ರವವು ಎರಡರಲ್ಲಿಯೂ ಹರಡುವುದನ್ನು ವರ್ಣಿಸಿದ್ದನು. ಪಿಚಕಾರಿಯ ಸಾಕ್ಷ್ಯಕ್ಕೆ ಒಂದು ದೋಷವುಂಟು. ಒತ್ತಿದ ಬಲವು ಹೆಚ್ಚಾದರೆ ಪೊರೆಯು ಹರಿದು, ಇಲ್ಲದ ದಾರಿಯು ಇದ್ದಂತೆ ಕಾಣಬಹುದು. ಹೃದಯದ ಮೂರನೆಯ ದಾರಿಯನ್ನು ಕುರಿತ ಸಂಶಯಗಳಿಗೆಲ್ಲ ಇದೇ ಬೀಜ.

ಫ್ರಾನ್ಸಿನ ಮಾಂಪಲಿಯೆ ಪಟ್ಟಣದ ಸೇಂಟ್ ಎಲ್ವಾ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ ರೇಮೊಂ ವ್ಯೂಸೆನ್ಸನು ೧೬೮೪ರ ನರಮಂಡಲದ ಗ್ರಂಥದಿಂದಲೇ ಯೂರೋಪಿನಲ್ಲಿ ಹೆಸರು ಪಡೆದಿದ್ದವನು. ವೃದ್ಧಾಪ್ಯದಲ್ಲಿ ಅವನು ಹೃದಯದ ಕಡೆಗೆ ತಿರುಗಿದನು. ಕೇಸರಿಯನ್ನು ಮದ್ಯಸಾರದಲ್ಲಿ ನೆನೆಸಿ, ಆ ಹಳದಿ ದ್ರವವನ್ನು ಕಿರೀಟಧಮನಿಗಳೊಳಕ್ಕೆ ಹಾಯಿಸಿ, ಕೋಣೆಗಳನ್ನು ತೆರೆದು ನೋಡಿದನು. ಸಿರೆಗಳನ್ನು ಕಟ್ಟಿದ್ದರೂ ದ್ರವವು ಕೋಣೆಗಳ ಒಳಮೈಯಲ್ಲಿ, ಸಣ್ಣ ಸಣ್ಣ ಕುಳಿಗಳಿಂದ, ಹನಿಹನಿಯಾಗಿ ಒಸರುತ್ತಿತ್ತು. ಮೇಣದಂತೆ ಹೆಪ್ಪುಗಟ್ಟದ, ಪಾದರಸದಂತೆ ತೂಕವಿಲ್ಲದ ದ್ರವವನ್ನು ಆರಿಸಿದುದು ಅವನ ಜಾಣತನ. ಧಮನಿಯಿಂದ ಕೋಣೆಗೆ ಮಾಂಸದ ಮೂಲಕ ಹೋಗುವ ಈ ಸೂಕ್ಷ್ಮಮಾರ್ಗಗಳಿಗೆ ಮಾಂಸನಾಳಗಳೆಂಬ ಅರ್ಥದ ಹೆಸರನ್ನು ಅವನು ಇಟ್ಟನು. ಹೃದಯವನ್ನು ಕುರಿತ ಹೊಸ ಶೋಧಗಳೆಂಬ ಅವನ ಚಿಕ್ಕ ಪುಸ್ತಕವು ೧೭೦೬ರಲ್ಲಿ ಹೊರಬಿದ್ದಿತು. ವಿಸ್ತಾರವಾದ ಗ್ರಂಥವು ೧೭೧೫ರಲ್ಲಿ ಬಂದಿತು; ಅದೇ ವರ್ಷದಲ್ಲಿ ಅವನು ತೀರಿಕೊಂಡನು.

ಮೊದಲ ಪುಸ್ತಕವು ಬಂದ ಎರಡು ವರ್ಷಗಳಿಗೆ, ೧೭೦೮ರಲ್ಲಿ, ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಆಡಮ್ ಕ್ರಿಶ್ಚಿಯನ್ ಥೆಬೇಸಿಯಸ್ ಎಂಬ ವಿದ್ಯಾರ್ಥಿಯು ವೈದ್ಯಪದವಿಗಾಗಿ ಒಂದು ಲ್ಯಾಟಿನ್ ಪ್ರಬಂಧವನ್ನು ಒಪ್ಪಿಸಿದನು. ೧೬೮೬ರಲ್ಲಿ ಸೈಲೀಷಿಯಾ ಪ್ರಾಂತದಲ್ಲಿ ಹುಟ್ಟಿದ ಇವನಿಗೆ ಆಗ ವಯಸ್ಸು ಸುಮಾರು ಇಪ್ಪತ್ತೆರಡು. ಪ್ರಬಂಧದ ಹೆಸರೇ ವಿಷಯವನ್ನು ಸಾರುತ್ತದೆ. ಹೃದಯದಲ್ಲಿ ರಕ್ತದ ಸುತ್ತು. ಹಾರ್ವೆಯ ಮೂರನೆಯ ಸುತ್ತನ್ನು ಹೃದಯದ ಮೇಲೆಯೇ ಪರೀಕ್ಷಿಸುವುದು ಇವನ ಗುರಿ. ವ್ಯೂಸೆನ್ಸನು ಧಮನಿಯಿಂದ ಹೊರಟನು. ಇವನು ಸಿರೆಯಿಂದ ಹೊರಟನು. ಸಿರೆಯ ಬಾಯಿಂದ ಹಿಮ್ಮುಖವಾಗಿ ದ್ರವವನ್ನು ಹಾಯಿಸಿದಾಗ ಅದು ಕೋಣೆಗಳ ಒಳಮೈಯ ರಂಧ್ರಗಳಿಂದ ಹೊರಬಂದಿತು. ಬಲಗಡೆಯ ಕೋಣೆಗಳಲ್ಲಿ ಮಾತ್ರವಲ್ಲ, ಎಡಗಡೆಯ ಕೋಣೆಗಳಲ್ಲಿಯೂ ಬಂದಿತು. ಎಂದರೆ ಹೃದಯದ ಕೆಲವು ಕಿರುಸಿರೆಗಳು ಸಂಗಮನಾಳವನ್ನು ಸೇರದೆ ಎದುರಿನ ಕೋಣೆಗೇ ತಮ್ಮ ರಕ್ತವನ್ನು ಸುರಿಯುತ್ತವೆ. ಪದವಿಯನ್ನು ಪಡೆದು ಊರ ಕಡೆಗೆ ಹಿಂದಿರುಗಿದ ಥೆಬೇಸಿಯಸನು ಹಿರ್ಷ್‌ಬರ್ಗ್ ಪಟ್ಟಣದ ವೈದ್ಯನಾಗಿ, ಸಮೀಪದ ಬಿಸಿನೀರಿನ ಬುಗ್ಗೆಗಳಿಗೆ ಬರುವ ರೋಗಿಗಳನ್ನು ನೋಡಿಕೊಂಡು, ೧೭೩೨ರಲ್ಲಿ ಕಾಲವಾದನು. ವಿದ್ಯಾರ್ಥಿದೆಸೆಯ ಒಂದು ಪ್ರಬಂಧದಿಂದ ಇಷ್ಟು ದೀರ್ಘವಾದ ಕೀರ್ತಿಯನ್ನು ಪಡೆದವರು ಶಾಸ್ತ್ರಚರಿತ್ರೆಯಲ್ಲಿ ವಿರಳ.

ಎಡಗಡೆಯ ಕೋಣೆಗಳ ಮಾತು ಏಕೆ ಇಷ್ಟು ಮುಖ್ಯವಾಯಿತೆಂಬುದನ್ನು ವಿವರಿಸಬೇಕು. ಹಾರ್ವೆಯ ಮತದಲ್ಲಿ ಎಡಹೃದಯವು ಶ್ವಾಸಕೋಶದಿಂದ ಬಂದ ಶುದ್ಧರಕ್ತದ ಮನೆ. ಬಲಹೃದಯವು ಮಲಿನರಕ್ತದ ಮನೆ. ಹೃದಯಮಾಂಸದಿಂದ ಬಸಿದ ರಕ್ತವಾದರೋ ದೇಹದಲ್ಲಿಯೇ ಅತ್ಯಂತ ಕಪ್ಪಾದುದು. ದೇಹದ ಇತರ ಭಾಗಗಳು ಒಟ್ಟಿನಲ್ಲಿ ರಕ್ತದ ಆಮ್ಲಜನಕದಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಹೀರಿಕೊಂಡರೆ, ಎಡೆಬಿಡದೆ ದುಡಿಯುವ ಹೃದಯವು ಮೂರರಲ್ಲಿ ಎರಡು ಪಾಲನ್ನೋ ಇನ್ನೂ ಹೆಚ್ಚನ್ನೋ ಹೀರುತ್ತದೆ. ಅಂಥ ರಕ್ತವು ಎಡಹೃತ್ಕುಕ್ಷಿಯೊಳಗೆ ನೇರವಾಗಿ ಬೀಳುವುದೆಂದರೆ ಮಡಿಯ ನೀರಿಗೆ ಮೈಲಿಗೆಯ ಬಿಂದಿಗೆಯನ್ನು ಅದ್ದಿದಂತೆ. ಎರಡು ಮನೆಗಳ ನಡುವೆ ಹಾರ್ವೆಯು ಕಟ್ಟಿದ್ದ ಗೋಡೆಯಲ್ಲಿ ಥೆಬೇಸಿಯಸನು ಮತ್ತೆ ರಂಧ್ರಗಳನ್ನು ತೋರಿಸಿದಂತಾಯಿತು. ಆದರೆ ಇವು ಗ್ಯಾಲೆನನ ರಂಧ್ರಗಳಲ್ಲ. ಗ್ಯಾಲೆನನವು ಗೋಡೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತೂರತಕ್ಕವು, ಮತ್ತು ಇಲ್ಲದವು. ಇವು ಗೋಡೆಯೊಳಗಿನಿಂದ ಕೋಣೆಗೆ ತೆರೆಯತಕ್ಕವು, ಮತ್ತು ಇರತಕ್ಕವು. ಈ ಭೇದವು ಮನಸ್ಸಿನಲ್ಲಿ ನೆಲೆಯಾಗುವವರೆಗೂ ಅನೇಕ ವಿದ್ವಾಂಸರು ಥೆಬೇಸಿಯಸನ ಮಾತನ್ನು ನಂಬಲು ಹಿಂಜರಿದಿದ್ದರೆ ಅವರನ್ನು ನಾವು ಪೂರ್ತಿಯಾಗಿ ದೂಷಿಸಲಾಗದು.

ಹಾಗಾದರೆ ಶೋಧದ ಕೀರ್ತಿಯು ಯಾರಿಗೆ ಸಲ್ಲಬೇಕು? ವರ್ಷಗಳನ್ನು ಮಾತ್ರ ಎಣಿಸುವುದಾದರೆ ವ್ಯೂಸೆನ್ಸನಿಗೆ. ಆದರೆ ಇಬ್ಬರ ಪ್ರಯೋಗಗಳನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಉತ್ತರವು ಅಷ್ಟು ಸರಳವಲ್ಲ. ವ್ಯೂಸೆನ್ಸನ ಕೇಸರಿದ್ರವವು ಧಮನಿಯಿಂದ ಕೋಣೆಗೆ ಬಂದಿತೆಂಬುದು ನಿಜ. ಆದರೆ ಅದು ಧಮನಿಯಿಂದ ನೇರವಾಗಿ ಬಂದಿತೋ, ಲೋಮನಾಳಗಳನ್ನು ದಾಟಿ ಕಿರುಸಿರೆಗಳ ಮೂಲಕ ಬಂದಿತೋ ಅವನ ಪ್ರಯೋಗದಿಂದ ತಿಳಿಯುವುದಿಲ್ಲ. ಅವನು ಮೊದಲನೆಯದೆಂದು ನಂಬಿದನು. ಥೆಬೇಸಿಯಸನ ಪ್ರಯೋಗದಿಂದ ಸಿರೆಗೂ ಕೋಣೆಗೂ ಸಂಬಂಧವುಂಟೆಂಬುದು ತೋರುತ್ತದೆ. ಧಮನಿಯ ವಿಷಯವಾಗಿ ಅದು ಮೌನ. ಒಬ್ಬನು ಊರಿನ ಮೂಡಣ ಬಾಗಿಲಿನಿಂದಲೂ ಇನ್ನೊಬ್ಬನು ಪಡುವಣ ಬಾಗಿಲಿನಿಂದಲೂ ಹೊಕ್ಕು ಒಂದೇ ಅಂಗಳಕ್ಕೆ ಬಂದರು. ಒಂದೇ ಬೀದಿಯಿಂದ ಬಂದರೆಂದು ಹೇಳುವುದಕ್ಕೆ ಆಧಾರವಿಲ್ಲ. ನನ್ನ ಅಭಿಪ್ರಾಯದಲ್ಲಿ, ರಂಧ್ರಗಳನ್ನು ಕಂಡ ಮಾನ್ಯತೆಯು ವ್ಯೂಸೆನ್ಸನದು; ಅವು ಸಿರೆಗಳ ಬಾಯಿಗಳೆಂದು ಅರಿತ ಮಾನ್ಯತೆಯು ಥೆಬೇಸಿಯಸನದು. ಲೋಕವು ಮಾಡಿದ ಹಂಚಿಕೆಯು ಬೇರೆ. ಕಿರುಸಿರೆಗಳಿಗೂ ಸಂಗಮನಾಳದ ಬಾಯ ಕವಾಟಕ್ಕೂ ಥೆಬೇಸಿಯಸನ ಹೆಸರು ಬಂದಿತು. ದೊಡ್ಡ ಸಿರೆಯು ಸಂಗಮನಾಳವಾಗಿ ಮಾರ್ಪಡುವ ಎಡೆಯಲ್ಲಿರುವ ಒಂದು ತೆಳುವಾದ ಕವಾಟವು ವ್ಯೂಸೆನ್ಸನ ಪಾಲಿಗೆ ಬಂದಿತು.

ಮುಂದಿನ ನೂರ ಎಪ್ಪತ್ತು ವರ್ಷಗಳಲ್ಲಿ ವಿಶೇಷವಾದ ಮುನ್ನಡೆ ಕಾಣುವುದಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಅಬರ್ನೆತಿಯು ೧೭೯೮ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಥೆಬೇಸಿಯಸನ ರಂಧ್ರಗಳ ವಿಷಯವಾಗಿ ಬರೆದ ಲೇಖನವು ಗಮನಾರ್ಹವಾದುದು. ಶ್ವಾಸಕೋಶಗಳು ಕೆಟ್ಟು ಸತ್ತವರ ಹೃದಯಗಳಲ್ಲಿ ಈ ರಂಧ್ರಗಳು ಹಿಗ್ಗಿರುವುದನ್ನು ಅವನು ಕಂಡು, ಶ್ವಾಸಕೋಶದ ದಾರಿಯು ಕಟ್ಟಿದಾಗ ಬಲಹೃದಯದಲ್ಲಿ ತುಂಬಿ ನಿಂತ ಒತ್ತಡವನ್ನು ಇಳಿಸುವುದಕ್ಕೆ ಇವು ನೆರವಾಗುತ್ತವೆಯೆಂದು ಊಹಿಸಿದನು. ೧೮೫೦ರಲ್ಲಿ ಅದೇ ಪಟ್ಟಣದ ಜಾನ್ ಮಾರ್ಷಲನು ಭ್ರೂಣದ ಸಿರೆಗಳ ಬೆಳವಣಿಗೆಯನ್ನು ಕುರಿತು ಬರೆದ ಪ್ರಬಂಧದಿಂದ ಸಂಗಮನಾಳದ ಹುಟ್ಟು ತಿಳಿಯಿತು. ಭ್ರೂಣದಲ್ಲಿ ಎಡಗಡೆಯಲ್ಲಿಯೂ ಒಂದು ಮಹಾಸಿರೆಯಿರುತ್ತದೆ. ಅದು ಕ್ರಮೇಣ ಕುಗ್ಗಿಹೋಗಿ, ಅದರ ಬುಡವು ಮಾತ್ರ ಸಂಗಮನಾಳವಾಗಿ ಉಳಿಯುತ್ತದೆ. ಪಾಳುಬಿದ್ದ ಕೋಟೆಯ ಹೆಬ್ಬಾಗಿಲು ಊರಿನ ಸಂತೆಬಾಗಿಲಾದಂತೆ. ಎಡಹೃತ್ಕರ್ಣದ ಬೆನ್ನ ಮೇಲೆ ಓರೆಯಾಗಿ ಇಳಿಯುವ ಒಂದು ಎಳೆಸಿರೆಯು ಆ ಹಳೆಯ ಮಹಾಸಿರೆಯ ಅವಶೇಷ. ಅದಕ್ಕೆ ಮಾರ್ಷಲನ ಹೆಸರಿದೆ. ೧೮೮೦ರಲ್ಲಿ ಲಾಂಗರನು ಮನುಷ್ಯಹೃದಯದಲ್ಲಿ ಥೆಬೇಸಿಯಸನ ರಂಧ್ರಗಳನ್ನು ಮತ್ತೆ ವಿಸ್ತಾರವಾಗಿ ಪರೀಕ್ಷಿಸಿ, ಅವು ನಿಜವಾದ ಸಿರೆಗಳ ಬಾಯಿಗಳೇ ಎಂದು ದೃಢಪಡಿಸಿದನು.

ಅದುವರೆಗಿನ ಪ್ರಯೋಗಗಳೆಲ್ಲವೂ ಸತ್ತ ಹೃದಯದ ಮೇಲೆ ನಡೆದಂಥವು. ೧೮೯೮ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಟ್ ಎಂಬವನು ಪ್ರಶ್ನೆಯನ್ನೇ ತಿರುವಿ ಹಾಕಿದನು. ಈ ಕಿರುಸಿರೆಗಳಿಂದ ರಕ್ತವು ಕೋಣೆಗೆ ಬರುವುದಾದರೆ, ಕೋಣೆಯಿಂದ ಮಾಂಸಕ್ಕೂ ಹೋಗಬಹುದಲ್ಲವೆ? ದೇಹದಿಂದ ಬೇರ್ಪಡಿಸಿದ ಬೆಕ್ಕಿನ ಹೃದಯದಲ್ಲಿ ಕಿರೀಟಧಮನಿಗಳ ದಾರಿಯನ್ನು ತಪ್ಪಿಸಿ, ಬಲಹೃತ್ಕುಕ್ಷಿಗೆ ಮಾತ್ರ ರಕ್ತವನ್ನು ಊಡಿಸಿದಾಗ, ಆ ಹೃದಯವು ಗಂಟೆಗಟ್ಟಲೆ ಮಿಡಿಯಿತು. ಧಮನಿಯಿಲ್ಲದೆ ಹೃದಯವು ಬದುಕಿತು! ಕಿರೀಟಸಿರೆಯ ಮೂಲಕ ಹಿಮ್ಮುಖವಾಗಿ ರಕ್ತವನ್ನು ಹಾಯಿಸಿಯೂ ಅವನು ಪರೀಕ್ಷಿಸಿದನು. ಸಿರೆಯನ್ನು ಅನ್ನದ ಕಾಲುವೆಯೆಂದ ಗ್ಯಾಲೆನನ ಆತ್ಮವು ಎಲ್ಲಿಂದಲಾದರೂ ಇದನ್ನು ನೋಡುತ್ತಿದ್ದರೆ ಮುಗುಳ್ನಗೆ ನಕ್ಕಿರಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ಕೊನೆ ಮುಟ್ಟಿಸಿದವನು ಅಮೆರಿಕೆಯ ಜೋಸೆಫ್ ವರ್ನ್. ೧೯೨೮ರಲ್ಲಿ ಅವನು, ಸತ್ತವರ ಹೃದಯಗಳಲ್ಲಿ ಕಿರೀಟಧಮನಿಗಳಿಗೆ ಹಾಯಿಸಿದ ದ್ರವದ ಬಹುಪಾಲು ಸಂಗಮನಾಳಕ್ಕೆ ಬಾರದೆ ಥೆಬೇಸಿಯಸನ ದಾರಿಯಿಂದ ಕೋಣೆಗಳೊಳಕ್ಕೇ ಹರಿಯಬಲ್ಲುದೆಂದು ತೋರಿಸಿದನು. ಇದರಿಂದ ಮೂರನೆಯ ದಾರಿಯೇ ಮುಖ್ಯವೆಂದು ತೀರ್ಮಾನಿಸಿದರೆ ಮಾತ್ರ ಮೋಸ. ಸತ್ತ ಹೃದಯದ ಕೋಣೆಗಳು ಬರಿದು, ಅಲ್ಲಿ ಎದುರೊತ್ತಡವಿ‍ಲ್ಲ. ಜೀವಂತ ಹೃದಯವು ಕುಗ್ಗುವಾಗ ಕೋಣೆಯೊಳಗಿನ ಒತ್ತಡವು ರಂಧ್ರಗಳನ್ನು ಎದುರಿಸುತ್ತದೆ. ಅದೇ ಕುಗ್ಗುವಿಕೆಯು ಗೋಡೆಯೊಳಗಿನ ಸಿರೆಗಳನ್ನು ಹಿಂಡಿ ರಕ್ತವನ್ನು ಹೊರಮೈಯ ದೊಡ್ಡ ಸಿರೆಗಳಿಗೆ ದೂಡುತ್ತದೆ. ಆದುದರಿಂದಲೇ ಎಡಹೃತ್ಕುಕ್ಷಿಯ ಗೋಡೆಗೆ ರಕ್ತವು ಹೆಚ್ಚಾಗಿ ಬರುವುದು ಹೃದಯವು ಸಡಿಲವಾದಾಗ. ಅಲ್ಲಿಂದ ರಕ್ತವು ಹೆಚ್ಚಾಗಿ ಹೊರಡುವುದು ಹೃದಯವು ಬಿಗಿದಾಗ. ಕುಟ್ಟುವವಳ ಕೈಯ ಒನಕೆಯಂತೆ ಒಂದು ಏರು, ಒಂದು ಇಳಿತ. ಬದುಕಿರುವ ಹೃದಯದಲ್ಲಿ ರಕ್ತದ ಬಹುಪಾಲು ಸಂಗಮನಾಳದಿಂದಲೂ ಮುಂಗೋಡೆಯ ಸಿರೆಗಳಿಂದಲೂ ಮರಳುತ್ತದೆ. ಥೆಬೇಸಿಯಸನ ರಂಧ್ರಗಳ ಪಾಲು ಕಿರಿದು, ಅದರಲ್ಲಿಯೂ ಎಡಗಡೆಯ ಪಾಲು ಅತ್ಯಲ್ಪ. ಹಾಗಿದ್ದರೂ ಅದು ಶೂನ್ಯವಲ್ಲ. ಆರೋಗ್ಯವಂತನ ಧಮನಿಗಳಲ್ಲಿಯೂ ರಕ್ತವು ಶ್ವಾಸಕೋಶದಿಂದ ಹೊರಟಷ್ಟೇ ಶುದ್ಧವಾಗಿ ಉಳಿಯದೆ ಎಳ್ಳಷ್ಟು ಕಡಮೆಯಾಗುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

೧೯೩೩ರಲ್ಲಿ ವರ್ನನೂ ಅವನ ಸಂಗಡಿಗರೂ ಹೃದಯದ ಗೋಡೆಯನ್ನು ತೆಳುವಾದ ಪದರಗಳಾಗಿ ಕೊಯ್ದು, ಒಂದೊಂದು ನಾಳವನ್ನೂ ಪದರದಿಂದ ಪದರಕ್ಕೆ ಹಿಂಬಾಲಿಸಿದರು. ಆಗ ತಿಳಿದುಬಂದುದೇನೆಂದರೆ, ಧಮನಿಯಿಂದ ನೇರವಾಗಿ ಕೋಣೆಗೆ ತೆರೆಯುವ ನಾಳಗಳೂ ಉಂಟು. ಧಮನಿಯಿಂದ ಮಾಂಸದ ನಡುವಣ ಅಗಲವಾದ ಪೊಟರೆಗಳಿಗೆ ಹೋಗಿ ಅಲ್ಲಿಂದ ಕೋಣೆಗೆ ಬರತಕ್ಕವೂ ಉಂಟು. ಕಿರುಸಿರೆಗಳಿಂದ ಕೋಣೆಗೆ ಬರತಕ್ಕವೂ ಉಂಟು. ಎಂದರೆ ವ್ಯೂಸೆನ್ಸನು ನಂಬಿದ ದಾರಿಯೂ ಇದ್ದಿತು, ಥೆಬೇಸಿಯಸನು ಕಂಡ ದಾರಿಯೂ ಇದ್ದಿತು. ಇನ್ನೂರಿಪ್ಪತ್ತೈದು ವರ್ಷಗಳ ವ್ಯಾಜ್ಯವು ಇಬ್ಬರೂ ಗೆದ್ದು ಮುಗಿಯಿತು. ಆದರೆ ವ್ಯೂಸೆನ್ಸನ ಗೆಲವು ಅವನ ಊಹೆಯದೇ ಹೊರತು ಅವನ ಪ್ರಯೋಗದ್ದಲ್ಲವೆಂಬ ನನ್ನ ಹಿಂದಿನ ಮಾತಿಗೆ ಇದರಿಂದ ಬಾಧೆಯಿಲ್ಲ. ೧೯೫೫ರಲ್ಲಿ ಪ್ಯಾರಿಸಿನಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ನಾಮಾವಳಿಯು ಶರೀರರಚನೆಯಲ್ಲಿ ವ್ಯಕ್ತಿಗಳ ಹೆಸರುಗಳನ್ನು ಕೈಬಿಟ್ಟು, ಈ ಸಿರೆಗಳನ್ನು ಹೃದಯದ ಅತಿಕಿರುಸಿರೆಗಳೆಂದಷ್ಟೇ ಕರೆಯಿತು. ವೈದ್ಯರ ಬಾಯಲ್ಲಿ ಮಾತ್ರ ಹಳೆಯ ಹೆಸರುಗಳೇ ಉಳಿದಿವೆ.

ಪ್ರಾಟನ ಬೆಕ್ಕಿನ ಹೃದಯವು ಶಸ್ತ್ರವೈದ್ಯರ ಮನಸ್ಸಿನಲ್ಲಿ ಆಸೆಯನ್ನು ಹುಟ್ಟಿಸಿತು. ಧಮನಿಯು ಕಟ್ಟಿಹೋದ ರೋಗಿಗೆ ಸಿರೆಯ ಕಡೆಯಿಂದ ರಕ್ತವನ್ನು ಊಡಿಸಬಾರದೇಕೆ? ೧೯೪೦ರ ದಶಕದ ಕೊನೆಯಲ್ಲಿ ಕ್ಲೀವ್‌ಲ್ಯಾಂಡಿನ ಕ್ಲಾಡ್ ಬೆಕ್ ಎಂಬಾತನು ಮಹಾಧಮನಿಗೂ ಸಂಗಮನಾಳಕ್ಕೂ ನಡುವೆ ಒಂದು ನಾಳದ ತುಂಡನ್ನು ಹೊಲಿದು, ಕೆಲವು ವಾರಗಳ ಮೇಲೆ ಸಂಗಮನಾಳದ ಬಾಯನ್ನು ಕಿರಿದುಗೊಳಿಸಿ, ಧಮನಿಯ ರಕ್ತವನ್ನು ಸಿರೆಗಳೊಳಕ್ಕೆ ಹಿಮ್ಮುಖವಾಗಿ ತಿರುಗಿಸಿದನು. ಸಾಹಸವು ದೊಡ್ಡದು, ಅಪಾಯವೂ ದೊಡ್ಡದು. ೧೯೬೦ರ ದಶಕದಲ್ಲಿ ಕಟ್ಟಿದ ಧಮನಿಯನ್ನು ಬಳಸಿ ಹೋಗುವಂತೆ ಧಮನಿಗೇ ಹೊಸ ನಾಳವನ್ನು ಜೋಡಿಸುವ ಚಿಕಿತ್ಸೆಯು ಸಫಲವಾದ ಮೇಲೆ ಬೆಕ್ಕನ ವಿಧಾನವು ಮೂಲೆಗೆ ಬಿದ್ದಿತು. ಆದರೆ ಹಿಮ್ಮುಖದ ದಾರಿಯು ಬೇರೊಂದು ಕಡೆಯಲ್ಲಿ ಉಪಯೋಗಕ್ಕೆ ಬಂದಿತು. ಮಹಾಧಮನಿಯ ಕವಾಟದ ಶಸ್ತ್ರಕ್ರಿಯೆಯ ಕಾಲದಲ್ಲಿ ಸಂಗಮನಾಳದ ಮೂಲಕ ಹೃದಯಕ್ಕೆ ರಕ್ತವನ್ನು ಊಡಿಸುವ ವಿಧಾನವನ್ನು ಮಿನೆಸೋಟದ ಲಿಲ್ಲೆಹಾಯನು ೧೯೫೬ರಲ್ಲಿ ವರ್ಣಿಸಿದನು. ಇಂದು ಹೃದಯವನ್ನು ನಿಲ್ಲಿಸಿ ಶಸ್ತ್ರಕ್ರಿಯೆ ಮಾಡುವಾಗ ಅದನ್ನು ಕಾಪಾಡುವ ಶೀತದ್ರವವನ್ನು ಅನೇಕ ವೇಳೆ ಇದೇ ದಾರಿಯಿಂದ ಹಾಯಿಸುತ್ತಾರೆ. ಆಗ ಎಡಹೃತ್ಕುಕ್ಷಿಗೆ ಸಿಕ್ಕುವಷ್ಟು ರಕ್ಷಣೆಯು ಬಲಹೃತ್ಕುಕ್ಷಿಗೆ ಸಿಕ್ಕುವುದಿಲ್ಲ. ಅದರ ಸಿರೆಗಳಲ್ಲಿ ಹಲವು ಸಂಗಮನಾಳವನ್ನು ಸೇರದೆ ನೆಟ್ಟಗೆ ಬಲಹೃತ್ಕರ್ಣಕ್ಕೂ ರಂಧ್ರಗಳ ಮೂಲಕ ಕೋಣೆಗೂ ಹೋಗತಕ್ಕವಷ್ಟೆ. ಎರಡನೆಯ ಮೂರನೆಯ ದಾರಿಗಳು ಇರುವುದು ನಿಜವೆಂಬುದಕ್ಕೆ ಶಸ್ತ್ರವೈದ್ಯನಿಗೆ ಮೇಜಿನ ಮೇಲೆಯೇ ದೊರೆಯುವ ಸಾಕ್ಷ್ಯವಿದು.

ಹೃದಯದ ಎರಡು ಪಾರ್ಶ್ವಗಳು ಹೊಂದಿಕೆ ತಪ್ಪಿ ಮಿಡಿಯುವ ರೋಗಿಗಳಲ್ಲಿ, ಎಡಹೃತ್ಕುಕ್ಷಿಯನ್ನು ವಿದ್ಯುತ್ತಿನಿಂದ ಪ್ರಚೋದಿಸುವ ತಂತಿಯನ್ನು ಎದೆಯನ್ನು ತೆರೆಯದೆ ಸಿರೆಗಳ ಮೂಲಕವೇ ಸಾಗಿಸುವ ಕ್ರಮವು ೧೯೯೦ರ ದಶಕದ ಕೊನೆಯಿಂದ ರೂಢಿಗೆ ಬಂದಿದೆ. ತಂತಿಯು ಬಲಹೃತ್ಕರ್ಣದಿಂದ ಸಂಗಮನಾಳವನ್ನು ಹೊಗಬೇಕು. ಬಾಯಲ್ಲಿ ಮೊದಲು ಎದುರಾಗುವುದು ಥೆಬೇಸಿಯಸನ ಕವಾಟ. ಕೆಲವರಲ್ಲಿ ಅದು ದಾರಿಯನ್ನು ಬಹುಮಟ್ಟಿಗೆ ಮುಚ್ಚಿರುವುದರಿಂದ ತಂತಿಯು ಅಲ್ಲಿಯೇ ತಡೆಯುತ್ತದೆ. ಅದನ್ನು ದಾಟಿ ಮುಂದೆ ಹೋದರೆ ಮಾರ್ಷಲನ ಓರೆಸಿರೆಯು ಬಂದು ಕೂಡುವ ಎಡೆ. ಅದರ ಬಳಿಯಲ್ಲಿಯೇ, ದಾರಿಯು ಇಕ್ಕಟ್ಟಾಗುವ ತಿರುವಿನಲ್ಲಿ, ವ್ಯೂಸೆನ್ಸನ ಕವಾಟ.